ಮುಪ್ಪಿನ ಪಾಲನೆ: ಕಾನೂನು ಕಂಡವರು, ಕಾಣದವರು

ಉದ್ಯೋಗವನ್ನರಸಿ ಮುಂಬಯಿ, ಪುಣೆಗಳಲ್ಲಿ ನೆಲೆಸಿದ ಕನ್ನಡಿಗರ ತಂದೆತಾಯಿಯರಲ್ಲಿ ಕೆಲವರು ಊರಿನ ಮನೆಯಲ್ಲೇ ಉಳಿದಿದ್ದಾರೆ. ಕೆಲವರು ಮಕ್ಕಳ ನಗರದ ಮನೆಗೆ ಬಂದು ಸೇರಿದ್ದಾರೆ. ಎರಡೆಡೆಯೂ ಪಾಲನೆಯ ಭಾರ ಬಹುಮಟ್ಟಿಗೆ ಒಬ್ಬರ ಮೇಲೆಯೇ ಬೀಳುತ್ತದೆ. ಆ ಒಬ್ಬರನ್ನು ಕುರಿತು ನಮ್ಮ ಕಾನೂನು ಏನು ಹೇಳುತ್ತದೆ ಎಂಬುದು ವಿಚಾರಾರ್ಹವಾದ ಸಂಗತಿ.

ತಂದೆತಾಯಿಯರ ಹಕ್ಕನ್ನು ಕಾನೂನು ಹಿಂದಿನಿಂದಲೂ ಮನ್ನಿಸಿದೆ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ, 1973ರ ದಂಡಪ್ರಕ್ರಿಯಾ ಸಂಹಿತೆಗಳು ಅವರ ಪೋಷಣೆಯ ಹೊಣೆಯನ್ನು ಮಕ್ಕಳಿಗೆ ವಿಧಿಸಿದವು. ವಿವಾಹಿತ ಮಗಳೂ ಇದಕ್ಕೆ ಹೊರತಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1987ರಲ್ಲಿ ತೀರ್ಪಿತ್ತಿತು. 2007ರ ತಂದೆತಾಯಿಯರ ಹಾಗೂ ಹಿರಿಯ ನಾಗರಿಕರ ಕಾಯ್ದೆಯು ಇದಕ್ಕಾಗಿಯೇ ಪ್ರತ್ಯೇಕ ನ್ಯಾಯಮಂಡಳಿಗಳನ್ನು ಕಲ್ಪಿಸಿ, ಮಾಸಿಕ ಜೀವನಾಂಶದ ಗರಿಷ್ಠ ಮಿತಿಯನ್ನು 10,000 ರೂಪಾಯಿಗಳೆಂದು ಗೊತ್ತುಪಡಿಸಿತು. ಹಿರಿಯರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ಅರ್ಜಿ ಸಲ್ಲಿಸಬಹುದು. ಮಗ ಮುಂಬಯಿಯಲ್ಲಿದ್ದಾನೆಂದು ಕುಂದಾಪುರದ ತಾಯಿ ಅಲ್ಲಿಗೆ ಅಲೆಯಬೇಕಾಗಿಲ್ಲ.

ಆದರೆ ಈ ಕಾಯ್ದೆ ಹೇಳುವುದು ಪಡೆಯುವವರ ಹಕ್ಕನ್ನು, ಕೊಡುವವರ ಕರ್ತವ್ಯವನ್ನು. ದಿನವಿಡೀ ಹಾಸಿಗೆಯ ಬಳಿ ನಿಲ್ಲುವವರ ದಣಿವಿಗೆ ಅದರಲ್ಲಿ ಸ್ಥಾನವಿಲ್ಲ. ಕಾಯ್ದೆಯ ‘ಮಕ್ಕಳು’ ಎಂಬ ವಿವರಣೆಯಲ್ಲಿ ಮಗ, ಮಗಳು, ಮೊಮ್ಮಗ, ಮೊಮ್ಮಗಳು ಇದ್ದಾರೆ. ಅನೇಕ ಮನೆಗಳಲ್ಲಿ ನಿಜವಾಗಿ ಶುಶ್ರೂಷೆ ಮಾಡುವ ಸೊಸೆಯ ಹೆಸರಿಲ್ಲ. ಶಯ್ಯಾವಲಂಬಿಗಳನ್ನು ನೋಡಿಕೊಳ್ಳುವವರಿಗೇ ಮಾಸಿಕ ಸಹಾಯಧನ ನೀಡಲು ಕೇರಳ ಸರ್ಕಾರ ರೂಪಿಸಿದ ‘ಆಶ್ವಾಸಕಿರಣಂ’ ಯೋಜನೆ ಈ ದೃಷ್ಟಿಯಿಂದ ಉಲ್ಲೇಖನೀಯ. ಮೊತ್ತ ಅಲ್ಪವಾದರೂ ಪಾಲಕರೆಂಬವರು ಇದ್ದಾರೆಂದು ಅದು ಗುರುತಿಸಿತು.

ರಾಜ್ಯದ ನೆರವು ಇಷ್ಟು ಪರಿಮಿತವಾಗಿರುವಾಗ ಕುಟುಂಬದ ಮುಂದಾಲೋಚನೆಯೇ ಮುಖ್ಯವಾಗುತ್ತದೆ. ಉಯಿಲು ಇಲ್ಲದಿದ್ದರೆ ತಂದೆಯ ಸ್ವಯಾರ್ಜಿತ ಆಸ್ತಿ ವಾರಸುದಾರರಲ್ಲಿ ಹಂಚಿಹೋಗುತ್ತದೆ. ವರ್ಷಾನುಗಟ್ಟಲೆ ಸೇವೆ ಮಾಡಿದವರಿಗೆ ಅದಕ್ಕಾಗಿ ಹೆಚ್ಚಿನ ಪಾಲು ದೊರೆಯದು. ಬದುಕಿರುವಾಗಲೇ ಆಸ್ತಿಯನ್ನು ದಾನವಾಗಿ ಕೊಡುವವರು ಪಾಲನೆಯ ಷರತ್ತನ್ನು ಪತ್ರದಲ್ಲಿಯೇ ಬರೆಸುವುದು ಲೇಸು. ಷರತ್ತು ತಪ್ಪಿದರೆ 23ನೆಯ ಕಲಮಿನ ಅನ್ವಯ ಆ ದಾನವನ್ನು ರದ್ದುಪಡಿಸಲು ಸಾಧ್ಯ. ಆದರೆ ಅಂಥ ಷರತ್ತು ಇತ್ತೆಂಬುದು ಸಿದ್ಧವಾಗಬೇಕೆಂದು 2022ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ.

ಇನ್ನೊಂದು ಎಚ್ಚರವೂ ಅಗತ್ಯ. ಬ್ಯಾಂಕಿನ ವ್ಯವಹಾರಕ್ಕೆಂದು ಮಗಳಿಗೆ ಬರೆದುಕೊಟ್ಟ ಸಾಮಾನ್ಯ ಮುಖ್ತ್ಯಾರುಪತ್ರವು, ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದಾಗ ಕಾನೂನಿನ ದೃಷ್ಟಿಯಲ್ಲಿ ಕೊನೆಗೊಳ್ಳುತ್ತದೆ. ಮರೆವಿನ ರೋಗ ಬಲಿತು ಅದರ ಅಗತ್ಯ ಹೆಚ್ಚುವ ಹೊತ್ತಿಗೇ ಅದು ನಿರುಪಯುಕ್ತವಾಗುತ್ತದೆ. ಉಚ್ಚ ನ್ಯಾಯಾಲಯದ ಮೊರೆಹೋಗಬೇಕಾಗುತ್ತದೆ. ಆದ್ದರಿಂದ ಉಯಿಲು, ಹಣಕಾಸಿನ ಏರ್ಪಾಡು, ಚಿಕಿತ್ಸೆಯ ಬಗೆಗಿನ ಇಚ್ಛೆ ಇವೆಲ್ಲ ಹಿರಿಯರ ಮನಸ್ಸು ತಿಳಿಯಾಗಿರುವಾಗಲೇ, ಮಕ್ಕಳೆಲ್ಲರ ಸಮಕ್ಷಮದಲ್ಲಿ ತೀರ್ಮಾನವಾಗಬೇಕು.

ಇಂಥ ಮಾತು ಎತ್ತುವುದೇ ಅಶುಭವೆಂಬ ಸಂಕೋಚ ನಮ್ಮಲ್ಲಿ ಬಲವಾಗಿದೆ. ಆ ಸಂಕೋಚದ ಬೆಲೆಯನ್ನು ತೆರುವವರು ಮಾತ್ರ ಪಾಲನೆಯ ಹೊಣೆ ಹೊತ್ತವರೇ.