714 ರೂಪಾಯಿಯ ಪಾಲಿಸಿ, 36 ಲಕ್ಷದ ಹೊಣೆ

ಫಸ್ಟ್ ಪಿಯುಸಿ ಬಿಸಿನೆಸ್ ಸ್ಟಡೀಸ್ ಪುಸ್ತಕದಲ್ಲಿ ವಿಮೆಯ ತತ್ವಗಳ ಪಾಠ ಇದೆಯಲ್ಲ, ಅದನ್ನು ಮಾಡುವಾಗ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬಂತು: "ಅಪಾಯ ಹೆಚ್ಚಿದ್ದರೆ ಪ್ರೀಮಿಯಂ ಹೆಚ್ಚು ಅಂತೀರಿ. ಹಾಗಾದರೆ ನಮ್ಮ ಅಬ್ಬು ಸ್ಕೂಟರ್ ಇನ್ಶೂರೆನ್ಸ್ ಕಟ್ಟುವಾಗ, ಓಡಿಸುವುದು ಅವರಾ ನಾನಾ ಅಂತ ಯಾರೂ ಕೇಳಲೇ ಇಲ್ಲವಲ್ಲ?" ಇಡೀ ತರಗತಿ ನಕ್ಕಿತು. ಪ್ರಶ್ನೆ ಕೇಳಿದವನಿಗೆ ಇನ್ನೂ ಹದಿನೇಳು ತುಂಬಿಲ್ಲ ಅನ್ನುವುದು ಎಲ್ಲರಿಗೂ ಗೊತ್ತಿತ್ತು. ನಕ್ಕವರಲ್ಲಿ ನಾನೂ ಒಬ್ಬ. ಆದರೆ ಪ್ರಶ್ನೆ ಸರಿಯಾಗಿಯೇ ಇತ್ತು. ಉತ್ತರ ಹುಡುಕುತ್ತಾ ಹೋದಾಗ ಸಿಕ್ಕ ವಿಷಯಗಳು ನಮ್ಮಲ್ಲಿ ತುಂಬಾ ಜನರಿಗೆ ಗೊತ್ತಿಲ್ಲ ಅನ್ನಿಸಿತು. ಅದಕ್ಕೇ ಈ ಬರಹ.

ಮೊದಲು ಬೇರೆ ದೇಶಗಳ ಮಾತು. ಬ್ರಿಟನ್ನಿನಲ್ಲಿ 17 ವರ್ಷಕ್ಕೇ ಕಾರು ಓಡಿಸಬಹುದು. ಆದರೆ ಹೊಸದಾಗಿ ಲೈಸೆನ್ಸ್ ಪಡೆದ ಹುಡುಗನಿಗೆ ವಿಮಾ ಕಂಪನಿ ಹೇಳುವ ಪ್ರೀಮಿಯಂ, ಅದೇ ಕಾರಿಗೆ ಅವನ ತಂದೆ ಕಟ್ಟುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಕೆಲವರು ಕಾರಿನೊಳಗೆ 'ಬ್ಲ್ಯಾಕ್ ಬಾಕ್ಸ್' ಇಡಿಸಿಕೊಂಡು, ವೇಗ, ಬ್ರೇಕು ಎಲ್ಲದರ ಲೆಕ್ಕ ಕೊಟ್ಟು ಸ್ವಲ್ಪ ಕಡಿಮೆ ಮಾಡಿಸಿಕೊಳ್ಳುತ್ತಾರೆ. ಅಮೆರಿಕದ ಹಲವು ರಾಜ್ಯಗಳಲ್ಲಿ ಕುಡಿದು ಓಡಿಸಿ ಸಿಕ್ಕಿಬಿದ್ದವರು ತಮಗೆ ವಿಮೆ ಇದೆ ಎಂದು ತೋರಿಸುವ ಎಸ್‌ಆರ್-22 ಎಂಬ ಪತ್ರವನ್ನು ವರ್ಷಗಟ್ಟಲೆ ಸಲ್ಲಿಸಬೇಕು, ಪ್ರೀಮಿಯಂ ಕೂಡ ಏರುತ್ತದೆ. ಅಲ್ಲಿ 'ಅಪಾಯದ ಚಾಲಕ' ಅನ್ನುವುದು ಬೆಲೆಯಲ್ಲೇ ಕಾಣಿಸುತ್ತದೆ.

ನಮ್ಮಲ್ಲಿ ಹಾಗಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಂ ಪ್ರಕಾರ ರಸ್ತೆಗೆ ಇಳಿಯುವ ಪ್ರತಿ ಗಾಡಿಗೂ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಗೆ ವಿಮೆ. ಇದರ ದರವನ್ನು ನಿಗದಿ ಮಾಡುವುದು ಕಂಪನಿಗಳಲ್ಲ, ಕೇಂದ್ರ ಸರ್ಕಾರ. 2022ರ ಜೂನ್ 1ರಿಂದ ಬಂದ ದರಪಟ್ಟಿಯಲ್ಲಿ 75ರಿಂದ 150 ಸಿಸಿವರೆಗಿನ ದ್ವಿಚಕ್ರ ವಾಹನಕ್ಕೆ ವರ್ಷಕ್ಕೆ 714 ರೂಪಾಯಿ. 150 ದಾಟಿ 350 ಸಿಸಿವರೆಗೆ 1,366, ಅದರ ಮೇಲಿನವಕ್ಕೆ 2,804. ಕಾರುಗಳಲ್ಲಿ 1000 ಸಿಸಿವರೆಗೆ 2,094, 1500 ಸಿಸಿವರೆಗೆ 3,416, ಅದಕ್ಕೂ ದೊಡ್ಡದಕ್ಕೆ 7,897. ಇದರ ಮೇಲೆ ಶೇ 18 ಜಿಎಸ್‌ಟಿ. ಎಂಜಿನ್ ಎಷ್ಟು ದೊಡ್ಡದು ಅಂತ ಕೇಳುತ್ತಾರೆ, ಓಡಿಸುವವರ ವಯಸ್ಸು ಎಷ್ಟು, ಹಿಂದೆ ಎಷ್ಟು ಸಲ ಗುದ್ದಿದ್ದಾರೆ ಅಂತ ಕೇಳುವುದಿಲ್ಲ. ಐವತ್ತು ವರ್ಷದ ಲೆಕ್ಚರರ್‌ಗೂ ನಿನ್ನೆ ಹದಿನೆಂಟು ತುಂಬಿದವನಿಗೂ ಅದೇ 714.

ಇದು ಸರಿಯೇ ಅಂತ ನನಗೂ ಮೊದಲು ಅನುಮಾನ ಬಂತು. ಯೋಚಿಸಿದರೆ, ಈ ವಿಮೆ ಇರುವುದು ಓಡಿಸುವವನಿಗಾಗಿ ಅಲ್ಲ, ಅವನ ಗಾಡಿಗೆ ಸಿಕ್ಕವರಿಗಾಗಿ. ಹೊಸ ಹುಡುಗರಿಗೆ ಐದು ಪಟ್ಟು ದರ ಹಾಕಿದರೆ ಅವರು ಓಡಿಸುವುದನ್ನು ಬಿಡುತ್ತಾರೆಯೇ? ವಿಮೆ ಕಟ್ಟುವುದನ್ನು ಬಿಡುತ್ತಾರೆ. ಆಗ ನಷ್ಟ ರಸ್ತೆ ದಾಟುತ್ತಿದ್ದವರಿಗೇ.

ಹಾಗಂತ ನಮ್ಮಲ್ಲಿ ಅಪಾಯಕ್ಕೆ ಬೆಲೆ ಇಲ್ಲ ಅಂದುಕೊಳ್ಳಬೇಡಿ. ಬೆಲೆ ಇದೆ, ಅದನ್ನು ಮುಂಗಡವಾಗಿ ಕೇಳುವುದಿಲ್ಲ ಅಷ್ಟೇ. ಅಪಘಾತ ಆದ ಮೇಲೆ ಕೇಳುತ್ತಾರೆ, ಅದೂ ಗಾಡಿ ಯಾರ ಹೆಸರಿನಲ್ಲಿದೆಯೋ ಅವರನ್ನು.

ಒಂದು ಲೆಕ್ಕ ಮಾಡೋಣ, ಕಾಮರ್ಸ್‌ನವರು ಕ್ಯಾಲ್ಕುಲೇಟರ್ ತೆಗೆಯಿರಿ. ಕನಕಪುರ ರಸ್ತೆ ದಾಟುತ್ತಿದ್ದ 35 ವರ್ಷದ ಒಬ್ಬ ಟೈಲರ್‌ಗೆ ಸ್ಕೂಟರ್ ಗುದ್ದಿ ಅವರು ತೀರಿಕೊಂಡರು ಅಂದುಕೊಳ್ಳಿ (ಇದು ಉದಾಹರಣೆ ಮಾತ್ರ). ತಿಂಗಳಿಗೆ 20,000 ದುಡಿಯುತ್ತಿದ್ದರು, ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು. ಪರಿಹಾರದ ಅರ್ಜಿ ಹೋಗುವುದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ. ಬೆಂಗಳೂರಿನಲ್ಲಿ ಲಘು ವ್ಯವಹಾರಗಳ ನ್ಯಾಯಾಲಯವೇ ಆ ಕೆಲಸ ಮಾಡುತ್ತದೆ. ಲೆಕ್ಕದ ಸೂತ್ರವನ್ನು ಸುಪ್ರೀಂ ಕೋರ್ಟ್ 2009ರ ಸರಳಾ ವರ್ಮಾ ಮತ್ತು 2017ರ ಪ್ರಣಯ್ ಸೇಠಿ ತೀರ್ಪುಗಳಲ್ಲಿ ಹೇಳಿದೆ. ವರ್ಷದ ಆದಾಯ 2,40,000. ಸ್ವಂತ ದುಡಿಮೆಯವರು, ನಲವತ್ತರೊಳಗಿನವರು, ಆದ್ದರಿಂದ ಮುಂದೆ ಆದಾಯ ಹೆಚ್ಚುತ್ತಿತ್ತು ಎಂದು ಶೇ 40 ಸೇರಿಸುತ್ತಾರೆ: 3,36,000. ಬದುಕಿದ್ದರೆ ತಮಗಾಗಿ ಖರ್ಚು ಮಾಡುತ್ತಿದ್ದರು ಎಂದು ಮೂರರಲ್ಲೊಂದು ಭಾಗ ಕಳೆಯುತ್ತಾರೆ: 2,24,000. 31ರಿಂದ 35 ವಯಸ್ಸಿನವರಿಗೆ ಗುಣಕ 16. ಗುಣಿಸಿದರೆ 35,84,000. ಅಂತ್ಯಕ್ರಿಯೆಯ ಖರ್ಚು, ಕುಟುಂಬ ಕಳೆದುಕೊಂಡ ಆಸರೆ ಮುಂತಾದವಕ್ಕೆ ಇನ್ನೊಂದಿಷ್ಟು ಸೇರಿ 36 ಲಕ್ಷ ದಾಟುತ್ತದೆ. ಅರ್ಜಿ ಹಾಕಿದ ದಿನದಿಂದ ಬಡ್ಡಿ ಬೇರೆ.

ಪಾಲಿಸಿ ಚಾಲ್ತಿಯಲ್ಲಿದ್ದು, ಓಡಿಸಿದವರಿಗೆ ಡಿಎಲ್ ಇದ್ದರೆ ಈ ಹಣ ಪೂರ್ತಿ ಕೊಡುವುದು ವಿಮಾ ಕಂಪನಿ. ಸಾವಿಗೆ ಮಿತಿ ಇಲ್ಲ. 714 ರೂಪಾಯಿ ಕೊಂಡುಕೊಳ್ಳುವುದು ಇದನ್ನೇ. ಬೇರೆಯವರ ಆಸ್ತಿ ಹಾಳಾದರೆ ಮಾತ್ರ ಮಿತಿ ಇದೆ, ದ್ವಿಚಕ್ರ ವಾಹನಕ್ಕೆ 1 ಲಕ್ಷ, ಕಾರಿಗೆ 7.5 ಲಕ್ಷ.

ಓಡಿಸಿದವನಿಗೆ ಡಿಎಲ್ ಇಲ್ಲದಿದ್ದರೆ? ಇಲ್ಲಿಯೇ ನಮ್ಮಲ್ಲಿ ಹೆಚ್ಚಿನವರಿಗೆ ತಪ್ಪು ತಿಳುವಳಿಕೆ ಇರುವುದು. "ಇನ್ಶೂರೆನ್ಸ್ ಇದೆಯಲ್ಲ, ಅವರೇ ನೋಡ್ಕೊಳ್ತಾರೆ" ಅನ್ನುತ್ತೇವೆ. 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಡಿಎಲ್ ಇಲ್ಲ ಎಂಬ ಕಾರಣಕ್ಕೆ ಅಪಘಾತಕ್ಕೆ ಸಿಕ್ಕವರನ್ನು ಬರಿಗೈಯಲ್ಲಿ ಕಳಿಸುವಂತಿಲ್ಲ ಎಂದಿತು. ಕಂಪನಿ ಮೊದಲು ಹಣ ಕೊಡಬೇಕು, ಆಮೇಲೆ ಮಾಲೀಕರಿಂದ ವಸೂಲಿ ಮಾಡಿಕೊಳ್ಳಬಹುದು. 2020ರಲ್ಲಿ ಕರ್ನಾಟಕ ಹೈಕೋರ್ಟಿನ ಪೂರ್ಣಪೀಠವೂ ಇದೇ ದಾರಿ ಹಿಡಿಯಿತು. ವಸೂಲಿಗೆ ಕಂಪನಿ ಹೊಸದಾಗಿ ದಾವೆ ಹೂಡಬೇಕಾಗಿಲ್ಲ, ಅದೇ ನ್ಯಾಯಮಂಡಳಿಯಲ್ಲಿ ಜಾರಿ ಅರ್ಜಿ ಹಾಕಿದರೆ ಸಾಕು. ಅಂದರೆ ಟೈಲರ್ ಕುಟುಂಬಕ್ಕೆ ಹಣ ಸಿಗುತ್ತದೆ, ಸಿಗಲೇಬೇಕು. ಆಮೇಲೆ ಆ 36 ಲಕ್ಷದ ನೋಟಿಸ್ ಬರುವುದು ಆರ್‌ಸಿಯಲ್ಲಿ ಹೆಸರಿರುವ ಅಬ್ಬುವಿಗೆ. ಮನೆ, ಸೈಟು, ಅಂಗಡಿ ಯಾವುದಿದ್ದರೂ ಅದರ ಮೇಲೆ.

ಹದಿನೆಂಟು ತುಂಬದವರ ವಿಷಯ ಇನ್ನೂ ಬಿಗಿ. 16 ವರ್ಷಕ್ಕೆ ಗಾಡಿ ಓಡಿಸಬಹುದು ಅಂತ ಕೆಲವರು ವಾದಿಸುತ್ತಾರೆ. ಕಾಯ್ದೆಯಲ್ಲಿ ಹಾಗಿದೆ ನಿಜ, ಆದರೆ 50 ಸಿಸಿ ಮೀರದ ಎಂಜಿನ್‌ಗೆ ಮಾತ್ರ. ನಮ್ಮ ಮನೆಗಳಲ್ಲಿರುವುದು 110, 125 ಸಿಸಿ ಸ್ಕೂಟರ್‌ಗಳು. 2019ರ ತಿದ್ದುಪಡಿಯಲ್ಲಿ ಸೇರಿದ 199ಎ ಕಲಂ ಪ್ರಕಾರ ಅಪ್ರಾಪ್ತರು ಗಾಡಿ ಓಡಿಸಿ ಅಪರಾಧವಾದರೆ ಪೋಷಕರು ಅಥವಾ ಮಾಲೀಕರನ್ನೇ ತಪ್ಪಿತಸ್ಥರೆಂದು ಪರಿಗಣಿಸುತ್ತಾರೆ. 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು. ಓಡಿಸಿದವರಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. "ನನಗೆ ಗೊತ್ತಿಲ್ಲದೆ ಕೀ ತೆಗೆದುಕೊಂಡು ಹೋದ" ಎಂದು ತಂದೆ ಹೇಳಬಹುದು, ಆದರೆ ಅದನ್ನು ಸಾಬೀತು ಮಾಡುವುದು ಅವರದೇ ಹೊಣೆ. ಗಂಟೆಗೆ 25 ಕಿ.ಮೀ. ಮೀರದ, 250 ವ್ಯಾಟ್‌ಗಿಂತ ಕಡಿಮೆ ಶಕ್ತಿಯ ಎಲೆಕ್ಟ್ರಿಕ್ ಗಾಡಿಗಳಿಗೆ ನೋಂದಣಿ, ಲೈಸೆನ್ಸ್ ಎರಡೂ ಬೇಡ. ಅಂಗಡಿಯವರು ಇದನ್ನೇ ಹೇಳಿ ಮಾರುತ್ತಾರೆ. ಅದಕ್ಕೆ ಥರ್ಡ್ ಪಾರ್ಟಿ ವಿಮೆ ಇರುವುದಿಲ್ಲ, ಯಾರಿಗಾದರೂ ಗುದ್ದಿದರೆ ಹಿಂದೆ ನಿಲ್ಲಲು ಕಂಪನಿಯೂ ಇಲ್ಲ ಅನ್ನುವುದನ್ನು ಹೇಳುವುದಿಲ್ಲ.

ಇನ್ನು ಹಿಂದಿನ ಸೀಟಿನ ಮಾತು. ಜೆ.ಪಿ. ನಗರ ಮೆಟ್ರೊ ನಿಲ್ದಾಣದವರೆಗೆ ಡ್ರಾಪ್ ಕೊಡು ಅಂತ ಕೇಳದವರು ಯಾರಿದ್ದಾರೆ? ಗಾಡಿಗೆ ಥರ್ಡ್ ಪಾರ್ಟಿ ಪಾಲಿಸಿ ಮಾತ್ರ ಇದ್ದರೆ, ಹಿಂದೆ ಕೂತ ಗೆಳೆಯ ಆ ಪಾಲಿಸಿಯ ಲೆಕ್ಕಕ್ಕೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿದೆ. ಕಾಂಪ್ರಹೆನ್ಸಿವ್ ಅಥವಾ ಪ್ಯಾಕೇಜ್ ಪಾಲಿಸಿಯಲ್ಲಿ ಹಿಂದಿನ ಸವಾರರೂ, ಕಾರಿನೊಳಗೆ ಕೂತವರೂ ಸೇರುತ್ತಾರೆ. ಹೊಸ ದ್ವಿಚಕ್ರ ವಾಹನಕ್ಕೆ 5 ವರ್ಷ, ಹೊಸ ಕಾರಿಗೆ 3 ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಕಟ್ಟಬೇಕೆಂಬ ನಿಯಮ ಸುಪ್ರೀಂ ಕೋರ್ಟ್ ಆದೇಶದಿಂದ 2018ರ ಸೆಪ್ಟೆಂಬರ್ 1ರಂದು ಬಂತು. "ಐದು ವರ್ಷದ ಇನ್ಶೂರೆನ್ಸ್ ಇದೆ" ಎಂದು ನಿಶ್ಚಿಂತೆಯಾಗಿರುವ ಮನೆಗಳಲ್ಲಿ, ಉಳಿದ ಭಾಗ ಎಷ್ಟೋ ಸಲ ಮೊದಲ ವರ್ಷಕ್ಕೇ ಮುಗಿದಿರುತ್ತದೆ. ನಮ್ಮ ಮನೆಯಲ್ಲೂ ಹಾಗೇ ಆಗಿತ್ತು, ಈ ಲೇಖನಕ್ಕಾಗಿ ಪಾಲಿಸಿ ತೆಗೆದು ನೋಡಿದಾಗಲೇ ಗೊತ್ತಾಗಿದ್ದು.

ಓಡಿಸುವವರಿಗೇ ಏನಾದರೂ ಆದರೆ? 2014ರ ಜೂನ್ 18ರಂದು ಅರಸೀಕೆರೆ ಕಡೆಗೆ ಹೋಗುತ್ತಿದ್ದ ಒಂದು ಕಾರು ಉರುಳಿಬಿತ್ತು. ಓಡಿಸುತ್ತಿದ್ದವರು ತೀರಿಕೊಂಡರು. ಅವರ ಮನೆಯವರು ವಿಮಾ ಕಂಪನಿಯಿಂದ 80 ಲಕ್ಷ ರೂಪಾಯಿ ಪರಿಹಾರ ಕೇಳಿದರು. ಅತಿವೇಗ, ಅಜಾಗರೂಕತೆ ಅವರದೇ ಆಗಿತ್ತು, ತನ್ನದೇ ತಪ್ಪಿನಿಂದ ಸತ್ತವರ ವಾರಸುದಾರರು ಆ ಪರಿಹಾರ ಕೇಳುವಂತಿಲ್ಲ ಎಂದು ಕರ್ನಾಟಕ ಹೈಕೋರ್ಟ್ ಅರ್ಜಿ ತಳ್ಳಿಹಾಕಿತು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅದರಲ್ಲಿ ಕೈಹಾಕಲು ಒಪ್ಪಲಿಲ್ಲ. ಹನ್ನೊಂದು ವರ್ಷ ಕೋರ್ಟು ಅಲೆದ ಮೇಲೆ ಸಿಕ್ಕ ಉತ್ತರ ಅದು. ಥರ್ಡ್ ಪಾರ್ಟಿ ವಿಮೆ ಮೂರನೆಯವರಿಗೆ, ಗಾಡಿ ಓಡಿಸಿ ತಪ್ಪು ಮಾಡಿದವರಿಗಲ್ಲ. ಮಾಲೀಕರೇ ಓಡಿಸುತ್ತಿದ್ದರೆ ಅವರಿಗಾಗಿ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಬೇರೆಯಾಗಿ ಇರುತ್ತದೆ. ಅದಕ್ಕೂ ಡಿಎಲ್ ಬೇಕು. ಅಬ್ಬುವಿನ ಹೆಸರಿನ ಗಾಡಿ ಮಗ ಓಡಿಸುತ್ತಿದ್ದರೆ ಅದು ಮಗನಿಗೆ ಸಿಗುವುದಿಲ್ಲ.

ಸ್ವಂತ ಗಾಡಿಯ ಹಾನಿಗೆ ಕಟ್ಟುವ ಭಾಗದಲ್ಲಿ ಮಾತ್ರ ಕಂಪನಿಗಳಿಗೆ ದರ ಹಾಕುವ ಸ್ವಾತಂತ್ರ್ಯ ಇದೆ. ಗಾಡಿಯ ಈಗಿನ ಬೆಲೆ, ವಯಸ್ಸು, ಊರು ಎಲ್ಲ ನೋಡುತ್ತಾರೆ. ಬೆಂಗಳೂರು 'ಎ' ವಲಯ, ಆದ್ದರಿಂದ ತುಮಕೂರಿನ ಗಾಡಿಗಿಂತ ನಮ್ಮದಕ್ಕೆ ಸ್ವಲ್ಪ ಜಾಸ್ತಿ. ಚಾಲಕರ ನಡತೆ ಲೆಕ್ಕಕ್ಕೆ ಬರುವುದು ಮುಖ್ಯವಾಗಿ ನೋ ಕ್ಲೇಮ್ ಬೋನಸ್‌ನಲ್ಲಿ. ಒಂದು ವರ್ಷ ಕ್ಲೇಮ್ ಮಾಡದಿದ್ದರೆ ಶೇ 20 ಕಡಿತ, ನಂತರ 25, 35, 45, ಐದು ವರ್ಷಕ್ಕೆ 50. ಒಂದೇ ಒಂದು ಕ್ಲೇಮ್ ಮಾಡಿದರೆ ಸಾಮಾನ್ಯವಾಗಿ ಸೊನ್ನೆಗೆ ಇಳಿಯುತ್ತದೆ. ಈ ಭಾಗಕ್ಕೆ 10,000 ಆಗಬೇಕಿದ್ದ ಕಾರಿಗೆ 5,000 ಕಟ್ಟುತ್ತಿದ್ದ ನನ್ನ ಮಾಮು, ಬಂಪರ್ ಗೀಚಿದ್ದಕ್ಕೆ 3,000 ಕ್ಲೇಮ್ ಮಾಡಿ ಮುಂದಿನ ವರ್ಷ ಪೂರ್ತಿ 10,000 ಕಟ್ಟಿದರು. ಈಗಲೂ ಮನೆಯಲ್ಲಿ ಮುಮಾನಿ ಅದನ್ನು ಎತ್ತಿ ಆಡುತ್ತಾರೆ. ಪಾಲಿಸಿ ಮುಗಿದು 90 ದಿನದೊಳಗೆ ನವೀಕರಿಸದಿದ್ದರೂ ಬೋನಸ್ ಹೋಗುತ್ತದೆ.

ಸಂಜೆ ಹೊತ್ತು ಪಾರ್ಟ್‌ಟೈಮ್ ಡೆಲಿವರಿ ಮಾಡುವ ಅಣ್ಣಂದಿರು ಇರುವ ಮನೆಯವರಿಗೆ ಒಂದು ಮಾತು. ಸ್ವಂತ ಬಳಕೆಗೆಂದು ಪಡೆದ ಪಾಲಿಸಿ ಬಾಡಿಗೆ, ಸಾಗಾಟದ ಕೆಲಸಕ್ಕೆ ಅನ್ವಯಿಸುವುದಿಲ್ಲ ಎಂದು ಅದರ ಷರತ್ತಿನಲ್ಲೇ ಇರುತ್ತದೆ, ಕ್ಲೇಮ್ ಹೊತ್ತಿನಲ್ಲಿ ಅದನ್ನು ತೋರಿಸುತ್ತಾರೆ. ಕೆಲಸ ಕೊಟ್ಟವರನ್ನೂ ವಿಮಾ ಕಂಪನಿಯನ್ನೂ ಮೊದಲೇ ಕೇಳಿಕೊಳ್ಳಲಿ.

ವಿಮೆಯೇ ಇಲ್ಲದೆ ಓಡಿಸಿದರೆ ಕಾಯ್ದೆಯ 196ನೇ ಕಲಂನಲ್ಲಿ ಮೊದಲ ಸಲ 2,000, ಮತ್ತೊಮ್ಮೆ ಆದರೆ 4,000 ದಂಡ, ಅಥವಾ 3 ತಿಂಗಳವರೆಗೆ ಜೈಲು. ಸ್ಥಳದಲ್ಲೇ ಕಟ್ಟುವ ದಂಡಗಳನ್ನು ಕರ್ನಾಟಕ ಸರ್ಕಾರ 2019ರ ಸೆಪ್ಟೆಂಬರ್‌ನಲ್ಲಿ ಇಳಿಸಿತು. ಎಲ್ಲರೂ ಹೆದರುವುದು ಈ ದಂಡಕ್ಕೆ, ಅದೇ ಎಲ್ಲಕ್ಕಿಂತ ಚಿಕ್ಕ ಖರ್ಚು.

ನಿಮ್ಮ ಮನೆ ಗಾಡಿಯ ವಿಮೆ ಯಾವತ್ತು ಮುಗಿಯುತ್ತದೆ ಎಂದು ಎಂ-ಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದರೆ ಕಾಣುತ್ತದೆ. ಪಾಲಿಸಿ ಥರ್ಡ್ ಪಾರ್ಟಿ ಮಾತ್ರದ್ದೋ ಪ್ಯಾಕೇಜೋ ಎಂಬುದು ಪಾಲಿಸಿಯ ಮೊದಲ ಪುಟದಲ್ಲಿದೆ. ಹದಿನೆಂಟು ತುಂಬಿದವರು ಆಧಾರ್ ಇಟ್ಟುಕೊಂಡು ಸಾರಥಿ ಪೋರ್ಟಲ್‌ನಲ್ಲಿ ಎಲ್‌ಎಲ್‌ಗೆ ಅರ್ಜಿ ಹಾಕಬಹುದು. ಅದು 6 ತಿಂಗಳು ಚಾಲ್ತಿಯಲ್ಲಿರುತ್ತದೆ, 30 ದಿನ ಕಳೆದ ಮೇಲೆ ಡಿಎಲ್ ಪರೀಕ್ಷೆಗೆ ಹೋಗಬಹುದು. ಎಲ್‌ಎಲ್ ಹೊತ್ತಿನಲ್ಲಿ 'ಎಲ್' ಬೋರ್ಡ್ ಇರಬೇಕು, ಡಿಎಲ್ ಇರುವವರು ಜೊತೆಗಿರಬೇಕು, ಗೆಳೆಯರನ್ನು ಹಿಂದೆ ಕೂರಿಸಿಕೊಳ್ಳುವಂತಿಲ್ಲ. ಪ್ರಶ್ನೆ ಕೇಳಿದ ಗೆಳೆಯನಿಗೆ ಇದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಗಾಡಿ ಅಬ್ಬು ಹೆಸರಲ್ಲಿ ಇಲ್ಲ, ಅಮ್ಮಿ ಹೆಸರಲ್ಲಿದೆ" ಅಂದ. ಈ ವಾರ ಅವನು ಬನಶಂಕರಿಯಿಂದ ಬಸ್ಸಿನಲ್ಲಿ ಬರುತ್ತಿದ್ದಾನೆ.