ಮೋಟಾರಿಗಿಂತ ಮೊದಲು ಜಾಯಿಂಟ್ ನೋಡಿ

ಬೋರಿನ ಮೋಟಾರ್ ಸುಟ್ಟರೆ ನಾವು ಮೊದಲು ಬೈಯುವುದು ಕರೆಂಟನ್ನು. ಸ್ಟಾರ್ಟರ್ ಡಬ್ಬಿ ಬಿಚ್ಚಿ ನೋಡುವವರು ಕಡಿಮೆ. ಕಡ್ಡಿರಾಂಪುರದಲ್ಲಿ ನಮ್ಮದು ಮಳೆ ನಂಬಿದ ಹೊಲ. ಇರುವ ಒಂದು ಬೋರು ಬೇಸಿಗೆಯಲ್ಲಿ ಎಂಟು ದಿನ ನಿಂತರೆ ಶೇಂಗಾ ಹೋಯಿತು ಅಂತಲೇ ಲೆಕ್ಕ. ಅದಕ್ಕೇ ವೈಂಡಿಂಗ್ ಮಾಡುವವರ ಹತ್ತಿರ ಕೂತು ಕೇಳಿಕೊಂಡದ್ದನ್ನು ಬರೆಯುತ್ತಿದ್ದೇನೆ.

ಕರೆಂಟಿಗೆ ತಡೆ ಇದ್ದಲ್ಲಿ ಬಿಸಿ ಹುಟ್ಟುತ್ತದೆ. ಎಷ್ಟು ಎಂಬ ಲೆಕ್ಕ ಕೊಟ್ಟವನು ಇಂಗ್ಲೆಂಡಿನ ಜೂಲ್, 1840ರ ಸುಮಾರಿಗೆ. ಆಂಪಿಯರನ್ನು ಆಂಪಿಯರಿನಿಂದಲೇ ಗುಣಿಸಿ, ಅದನ್ನು ತಡೆಯ ಓಮಿನಿಂದ ಗುಣಿಸಿದರೆ ವ್ಯಾಟ್ ಬರುತ್ತದೆ.

ಹಳೆಯ ತಂತಿ ಬಲ್ಬುಗಳಲ್ಲಿ ಇದು ಕಣ್ಣಿಗೆ ಕಾಣುತ್ತದೆ. ಮನೆಯಲ್ಲಿ 100 ಮತ್ತು 40 ವ್ಯಾಟಿನ ಬಲ್ಬುಗಳು ಜೋಡೆತ್ತಿನ ಹಾಗೆ ಅಕ್ಕಪಕ್ಕ, ಅಂದರೆ ಪ್ಯಾರಲಲ್. ತಡೆ ಕಡಿಮೆ ಇರುವ 100ರದ್ದು ಹೆಚ್ಚು ಕರೆಂಟ್ ಎಳೆದು ಹೆಚ್ಚು ಕಾಯುತ್ತದೆ. ಅವೇ ಎರಡನ್ನು ಒಂದರ ಹಿಂದೆ ಒಂದು ಸೀರೀಸ್ ಕೊಟ್ಟರೆ ಉಲ್ಟಾ. ಎರಡರಲ್ಲೂ ಹರಿಯುವ ಕರೆಂಟ್ ಒಂದೇ, ಹಾಗಾಗಿ ತಡೆ ಜಾಸ್ತಿ ಇರುವ 40ರದ್ದೇ ಉರಿಯುತ್ತದೆ. 100ರದ್ದು ಬರೀ ಕೆಂಪಗೆ ಮಿಣುಕುತ್ತದೆ.

ಈಗ ಹೊಲಕ್ಕೆ ಬನ್ನಿ. ಸಡಿಲ ಜಾಯಿಂಟ್ ಮೋಟಾರಿಗೆ ಸೀರೀಸಿನಲ್ಲಿದೆ. ಐದು ಎಚ್‌ಪಿ ತ್ರೀ ಫೇಸ್ ಮೋಟಾರ್ ಸುಮಾರು 8 ಆಂಪಿಯರ್ ಎಳೆಯುತ್ತದೆ ಎನ್ನಿ. ಜಾಯಿಂಟಿನ ತಡೆ ಅರ್ಧ ಓಮ್ ಆದರೂ ಸಾಕು, 64ರ ಅರ್ಧ 32 ವ್ಯಾಟ್. ರೇಡಿಯೋ ರಿಪೇರಿಯವರು ಸೀಸ ಕರಗಿಸುವ ಕಡ್ಡಿ 25 ವ್ಯಾಟಿನದು! ಅಷ್ಟು ಬಿಸಿ ಒಂದು ಸ್ಕ್ರೂ ತಲೆಯ ಮೇಲೆ. ಬಿಸಿಗೆ ತಂತಿ ಕಪ್ಪಾಗುತ್ತದೆ, ತಡೆ ಇನ್ನೂ ಏರುತ್ತದೆ. ಕೊನೆಗೆ ಒಂದು ಫೇಸ್ ಕಡಿದು, ಮೋಟಾರ್ ಎರಡೇ ಫೇಸಿನಲ್ಲಿ ಮುಕ್ಕಿರಿದು ಸುಡುತ್ತದೆ.

ಆಗ ಫ್ಯೂಸ್ ಹೋಗಬೇಕಲ್ಲ? ನಮ್ಮವರು ಪದೇ ಪದೇ ಹೋಗುತ್ತದೆಂದು ಎರಡೆಳೆ ಹಾಕಿರುತ್ತಾರೆ. ಅದು ಪ್ಯಾರಲಲ್. 8 ಆಂಪಿಯರ್ ನಾಲ್ಕು ನಾಲ್ಕಾಗಿ ಹಂಚಿತು. ಎಂಟೆಂಟ್ಲ 64, ನಾಲ್ಕ್‌ನಾಲ್ಕ್ಲ 16. ಪ್ರತಿ ಎಳೆಗೆ ಬಿಸಿ ಅರ್ಧವಲ್ಲ, ಕಾಲು ಭಾಗ. ಫ್ಯೂಸ್ ತಣ್ಣಗಿರುತ್ತದೆ, ವೈಂಡಿಂಗ್ ಕರಗುತ್ತದೆ.

ಸ್ಕ್ರೂ ಹತ್ತಿರ ವೈರಿನ ಸಿಪ್ಪೆ ಕಪ್ಪಾಗಿದ್ದರೆ, ಸುಟ್ಟ ವಾಸನೆ ಬಂದರೆ, ಮೇನ್ ಇಳಿಸಿ, ಫ್ಯೂಸ್ ಕಿತ್ತು, ಟೆಸ್ಟರ್ ಹಿಡಿದು ನೋಡಿದ ಮೇಲೆಯೇ ಕೈ ಹಾಕಿ. ಕಪ್ಪಾದ ತುದಿ ಕತ್ತರಿಸಿ ಹೊಸದಾಗಿ ಲಗ್ ಹಾಕಿಸಿ. ಅಲ್ಯೂಮಿನಿಯಂ ಮೆತ್ತಗಿನದು, ಬಿಗಿ ಮಾಡಿದ್ದೂ ದಿನ ಕಳೆದಂತೆ ಸಡಿಲಾಗುತ್ತದೆ. ನಾನು ದೀಪಾವಳಿಗೊಮ್ಮೆ, ಯುಗಾದಿಗೊಮ್ಮೆ ಎಲ್ಲಾ ಸ್ಕ್ರೂ ತಿರುವುತ್ತೇನೆ.