ಹೂ ಮೂಡುವ ಮೊದಲೇ ಬೇರಿಗೆ ಕೈ

ಮುಂಗಾರಿನ ಎರಡು ಹದ ಮಳೆ ಬಿದ್ದರೆ ಸಾಕು, ಹಿತ್ತಿಲಲ್ಲಿ, ಕಾಂಪೌಂಡಿನ ಬುಡದಲ್ಲಿ, ಪಕ್ಕದ ಖಾಲಿ ಸೈಟಿನಲ್ಲಿ ಕ್ಯಾರೆಟ್ ಸೊಪ್ಪನ್ನು ಹೋಲುವ ಸಸಿಗಳು ನೆಲಕ್ಕಂಟಿ ಹರಡಿಕೊಳ್ಳುತ್ತವೆ. ಪಾರ್ಥೇನಿಯಂ ಎಂದರೆ ತಿಳಿಯದವರಿಗೂ ಕಾಂಗ್ರೆಸ್ ಗಿಡ ಎಂದರೆ ತಿಳಿಯುತ್ತದೆ. ಅಮೆರಿಕ ಖಂಡದ ಈ ಗಿಡ ನಮ್ಮಲ್ಲಿ ಕಳೆಯಾಗಿ ಕಣ್ಣಿಗೆ ಬಿದ್ದದ್ದು 1950ರ ದಶಕದ ನಡುವೆ, ಪುಣೆಯಲ್ಲಿ. ಆಮದು ಗೋಧಿಯ ಮೂಟೆಯೊಡನೆ ಬಂತೆಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ. 1975ರಲ್ಲಿ ಕರ್ನಾಟಕ ಇದನ್ನು ಪೀಡೆಯ ಕಳೆ ಎಂದು ಘೋಷಿಸಿತು. ಅರ್ಧ ಶತಮಾನ ಕಳೆದರೂ ಆ ಸುದ್ದಿ ಗಿಡಕ್ಕೆ ಮುಟ್ಟಿದಂತಿಲ್ಲ.

ಕಳೆನಾಶಕ ತಂದು ಹೊಡೆದರೆ ಒಂದೇ ದಿನದ ಕೆಲಸ ಎನ್ನುವವರಿದ್ದಾರೆ. ಎಕರೆಗಟ್ಟಲೆ ಹೊಲದ ಲೆಕ್ಕ ಬೇರೆ. ಮೂವತ್ತು-ನಲವತ್ತರ ಸೈಟಿಗೆ ಆ ಲೆಕ್ಕ ಹೊಂದುವುದಿಲ್ಲ. ಚೆನ್ನಾಗಿ ಬೆಳೆದ ಒಂದು ಗಿಡ ಹದಿನೈದು-ಇಪ್ಪತ್ತು ಸಾವಿರ ಬೀಜ ಉದುರಿಸಬಲ್ಲದು. ಮಣ್ಣಿನಡಿ ಹೂತುಹೋದವು ವರ್ಷಗಟ್ಟಲೆ ಜೀವ ಹಿಡಿದಿರುತ್ತವೆ. ಅಂದರೆ ನಮಗೆ ಕಾಣುವ ಗಿಡ ಬಡ್ಡಿ ಮಾತ್ರ, ಅಸಲು ಮಣ್ಣಿನಲ್ಲಿದೆ. ಗ್ಲೈಫೋಸೇಟ್‌ನಂಥ ಕಳೆನಾಶಕ ಹಸಿರೆಲೆಯ ಮೂಲಕ ಕೆಲಸ ಮಾಡುವಂಥದ್ದು. ಮಣ್ಣಿನಲ್ಲಿ ಮಲಗಿದ ಬೀಜಕ್ಕೆ ಅದು ತಾಗುವುದೇ ಇಲ್ಲ. ಮೇಲಾಗಿ ಹುಲ್ಲು, ಗರಿಕೆ, ತುಂಬೆ ಎಲ್ಲವನ್ನೂ ಸುಟ್ಟು ನೆಲ ಬರಿದು ಮಾಡುತ್ತದೆ. ಪಾರ್ಥೇನಿಯಂಗೆ ಬೇಕಾದದ್ದು ಆ ಬರಿನೆಲವೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಗ್ಲೈಫೋಸೇಟನ್ನು ಮನುಷ್ಯರಿಗೆ ಬಹುಶಃ ಕ್ಯಾನ್ಸರ್‌ಕಾರಕ ಎಂದು ವರ್ಗೀಕರಿಸಿದ ಮೇಲೆ ದೊಡ್ಡ ವಾದವೇ ನಡೆದಿದೆ, ಒಪ್ಪದ ಸಂಸ್ಥೆಗಳೂ ಇವೆ. ಆ ವಾದ ಹಾಗಿರಲಿ. ಮಕ್ಕಳು ಆಡುವ, ಕರಿಬೇವು ಕೊಯ್ಯುವ ಜಾಗದಲ್ಲಿ, ಅಸಲನ್ನು ಮುಟ್ಟದ ಔಷಧಿ ಯಾಕೆ ಬೇಕು ಎಂಬುದಷ್ಟೇ ಪ್ರಶ್ನೆ. ಉಪ್ಪುನೀರು ಎರಚುವ ಸಲಹೆಯೂ ಇದೆ. ಗಿಡ ಸಾಯುವುದು ನಿಜ, ಆದರೆ ಉಪ್ಪು ಮಣ್ಣಿನಲ್ಲೇ ಉಳಿದು ನಾಳೆ ದಾಸವಾಳದ ಬೇರನ್ನೂ ಕಾಡುತ್ತದೆ.

ಕೈಯಿಂದ ಕೀಳುವುದರ ಬಲವೆಲ್ಲ ಇರುವುದು ಹೊತ್ತು ನೋಡುವುದರಲ್ಲಿ. ಮೊಳೆತ ತಿಂಗಳು, ಒಂದೂವರೆ ತಿಂಗಳಿಗೆ ಗಿಡ ಹೂ ಬಿಡುತ್ತದೆ. ಬಿಳಿ ಹೂ ಕಂಡ ಮೇಲೆ ಕಿತ್ತರೆ ಜಗ್ಗಾಟದಲ್ಲಿ ನಾವೇ ಬಿತ್ತನೆ ಮಾಡಿದಂತೆ. ಮಳೆ ನಿಂತ ಮರುದಿನ ಮಣ್ಣು ಸಡಿಲವಿರುವಾಗ, ಎಲೆಗಳು ಇನ್ನೂ ನೆಲದ ಮೇಲೇ ಹರಡಿರುವಾಗ, ಕುರ್ಪಿಯನ್ನು ಬುಡಕ್ಕೆ ಹಾಕಿ ಮೀಟಿದರೆ ತಾಯಿಬೇರು ಸಲೀಸಾಗಿ ಬರುತ್ತದೆ. ಬುಡದ ಮೇಲೆ ಕೊಯ್ದರೆ ಮತ್ತೆ ಚಿಗುರುತ್ತದೆ. ಇಡೀ ಹಿತ್ತಿಲನ್ನು ಗುದ್ದಲಿಯಿಂದ ಅಗೆದು ತಿರುವಿದರಂತೂ ಆಳದ ಹಳೆಯ ಬೀಜಗಳನ್ನೇ ಎಬ್ಬಿಸಿ ಕೂರಿಸಿದಂತಾಗುತ್ತದೆ. ಹೂವಿಲ್ಲದ ಗಿಡವನ್ನು ಗೊಬ್ಬರದ ಗುಂಡಿಗೆ ಹಾಕಬಹುದು. ಹೂ ಬಿಟ್ಟದ್ದನ್ನು ಚೀಲದಲ್ಲಿ ಕಟ್ಟಿ ಬೇರೆಯೇ ಇಡಬೇಕು.

ಇದಕ್ಕೆ ಬರುವ ಗಟ್ಟಿ ಆಕ್ಷೇಪ ಚರ್ಮದ್ದು, ಮತ್ತು ಅದು ಸುಳ್ಳಲ್ಲ. ಗಿಡದಲ್ಲಿರುವ ಪಾರ್ಥೆನಿನ್ ಎಂಬ ವಸ್ತು ಚರ್ಮಕ್ಕೆ ತುರಿಕೆ, ಉರಿ ತರುತ್ತದೆ. ಪರಾಗ ಸೀನು, ಉಬ್ಬಸಕ್ಕೆ ದಾರಿ. ಮೊದಲ ಸಲ ಏನೂ ಆಗಲಿಲ್ಲವೆಂದು ಧೈರ್ಯಪಡಬಾರದು; ಮತ್ತೆ ಮತ್ತೆ ಮುಟ್ಟಿದ ಮೇಲೆ ಅಲರ್ಜಿ ಕಾಣಿಸಿಕೊಳ್ಳುವುದೇ ಹೆಚ್ಚು. ಕೈಗವಸು, ತುಂಬುತೋಳಿನ ಅಂಗಿ, ಮೂಗಿಗೆ ಬಟ್ಟೆ ಇಲ್ಲದೆ ಈ ಕೆಲಸಕ್ಕೆ ಇಳಿಯಕೂಡದು. ಒಮ್ಮೆ ಅಲರ್ಜಿಯಾದವರು ಇಳಿಯಲೇಬಾರದು. ತೋಟದ ಕೆಲಸಕ್ಕೆ ಬಂದವರಿಗೆ ಬರಿಗೈಯಲ್ಲಿ ಕೀಳಲು ಹೇಳುವುದಂತೂ ತಪ್ಪು. ಆದರೆ ಈ ಆಕ್ಷೇಪವೂ ಬೇಗ ಕೀಳಿ ಎಂದೇ ಹೇಳುತ್ತದೆ: ಎಳೆಯ ಸಸಿಯಲ್ಲಿ ಪರಾಗವೇ ಇರುವುದಿಲ್ಲ.

ಪಕ್ಕದ ಖಾಲಿ ಸೈಟಿನಿಂದ ಬೀಜ ಬರುತ್ತಲೇ ಇರುತ್ತದಲ್ಲ ಎಂಬುದು ಮತ್ತೊಂದು ಮಾತು. ಬರುತ್ತದೆ. ಬಂದ ಬೀಜಕ್ಕೆ ಜಾಗ ಸಿಗದಂತೆ ಮಾಡುವುದು ನಮ್ಮ ಕೈಲಿದೆ. ಕಿತ್ತ ಜಾಗಕ್ಕೆ ಅಂದೇ ತರಗೆಲೆ ದಪ್ಪವಾಗಿ ಹೊದಿಸಬೇಕು, ಇಲ್ಲವೇ ದಟ್ಟವಾಗಿ ಬೆಳೆಯುವ ತಗಚೆಯಂಥದ್ದನ್ನು ಬಿಡಬೇಕು. ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಪಟ್ಟೆ ದುಂಬಿಗಳು ಮಳೆಗಾಲದಲ್ಲಿ ಈ ಗಿಡದ ಎಲೆ ಮೇಯುತ್ತವೆ. ಅವನ್ನು ಕಂಡರೆ ಹೊಸಕಬೇಡಿ.

ಬೇಲಿಯ ಲಂಟಾನಕ್ಕೂ ಇದೇ ತರ್ಕ, ಚೂರು ಬೇರೆ ರೀತಿಯಲ್ಲಿ. ಕಡಿದಷ್ಟೂ ಅದು ಪೊದೆಯಾಗುತ್ತದೆ. ಬುಡದ ಮಣ್ಣು ಸರಿಸಿ, ನೆಲಮಟ್ಟಕ್ಕಿಂತ ಎರಡು ಬೆರಳು ಕೆಳಗೆ ತಾಯಿಬೇರನ್ನು ಕತ್ತರಿಸಿ, ಪೊದೆಯನ್ನು ಬೇರು ಮೇಲಾಗಿ ಮಗುಚಿಟ್ಟರೆ ಮತ್ತೆ ಚಿಗುರುವುದಿಲ್ಲ. ದೆಹಲಿ ವಿಶ್ವವಿದ್ಯಾಲಯದ ಸಿ. ಆರ್. ಬಾಬು ಅವರ ತಂಡ ಕಾಡುಗಳಲ್ಲಿ ಬಳಸಿ ತೋರಿಸಿದ ವಿಧಾನ ಇದು. ಹಣ್ಣು ತಿಂದ ಹಕ್ಕಿಗಳು ಕೂರುವ ಮರದಡಿ ಮುಂದಿನ ಎರಡು ಮಳೆಗಾಲ ಸಸಿ ಹುಡುಕುವ ಕೆಲಸ ಮಾತ್ರ ಉಳಿದೇ ಇರುತ್ತದೆ.